ಇಂಗ್ಲಿಷ್ ಪ್ಯಾಸೇಜ್ ಅಭ್ಯಾಸಕ್ಕೆ ಯಾವುದು ಸರಿ: ಕೋಚಿಂಗೋ, ಪೇಪರೋ, ಹಳೇ ಪ್ರಶ್ನೆಪತ್ರಿಕೆಯೋ?

ಪಿಯುಸಿ ಮುಗಿಸಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಸೇರಬೇಕೆನ್ನುವವರು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಡಿಗ್ರಿ ಮುಗಿಸಿ ಹೊರದೇಶಕ್ಕೆ ಓದಲು ಹೊರಟವರು, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್ ಬರೆಯುತ್ತಾರೆ. ಎರಡರಲ್ಲೂ ಇಂಗ್ಲಿಷ್ ಪ್ಯಾಸೇಜ್, ಅಂದರೆ ಓದಿಕೊಂಡು ಪ್ರಶ್ನೆಗಳಿಗೆ ಉತ್ತರಿಸಬೇಕಾದ ಬರಹದ ತುಣುಕು, ಎದುರಾಗುತ್ತದೆ. ಎರಡಕ್ಕೂ ಕಲಬುರಗಿಯಲ್ಲಿ ಸಿಗುವ ಪುಕ್ಕಟೆ ಸಲಹೆ ಒಂದೇ: "ದಿನಾ ಇಂಗ್ಲಿಷ್ ಪೇಪರ್ ಓದು, ತಾನೇ ಬರ್ತದ." ಹೀಗೆ ಹೇಳುವವರು ತಾವು ಪೇಪರ್ ಓದುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ, ಅದು ಬೇರೆ ಮಾತು.

ನಾನು ಇಂಥ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವವನು. ನನ್ನ ಮುಂದೆ ಬಂದು ಕೂರುವವರ ದೂರು ಹೆಚ್ಚುಕಡಿಮೆ ಹೀಗಿರುತ್ತದೆ: "ಸರ್, ಓದಿದ್ದು ಎಲ್ಲ ತಿಳೀತದ್ರಿ, ಖರೆ ಆನ್ಸರ್ ತಪ್ಪಾಗ್ತಾವ್ರಿ." ಈ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆ ಇರಬಹುದು. ಅವುಗಳ ಮದ್ದೂ ಬೇರೆ. ಕೋಚಿಂಗ್ ಒಳ್ಳೆಯದೋ, ಪೇಪರ್ ಒಳ್ಳೆಯದೋ ಎಂಬ ಪ್ರಶ್ನೆಗೆ ಕಾಯಿಲೆ ಯಾವುದೆಂದು ಗೊತ್ತಾಗುವವರೆಗೆ ಉತ್ತರವಿಲ್ಲ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನೀವು ಬರೆಯಲಿರುವ ಪರೀಕ್ಷೆಯದೇ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಗಡಿಯಾರ ಇಟ್ಟು, ನೀಲಿ ಪೆನ್ನಿನಲ್ಲಿ ಉತ್ತರಿಸಿ. ಸಮಯ ಮುಗಿದ ಮೇಲೆ ಕೀ ಉತ್ತರ ನೋಡಬೇಡಿ. ಅದೇ ಪತ್ರಿಕೆಯನ್ನು ಗಡಿಯಾರವಿಲ್ಲದೆ, ಎಷ್ಟು ಹೊತ್ತಾದರೂ ಆಗಲಿ ಎಂದು, ಕೆಂಪು ಪೆನ್ನಿನಲ್ಲಿ ಇನ್ನೊಮ್ಮೆ ಉತ್ತರಿಸಿ. ಪ್ರತಿ ಉತ್ತರದ ಪಕ್ಕ "ಖಾತ್ರಿ" ಅಥವಾ "ಅಂದಾಜು" ಎಂದು ಬರೆಯಿರಿ. ಆಮೇಲೆ ಕೀ ಜತೆ ಹೋಲಿಸಿ. ನೀಲಿಗಿಂತ ಕೆಂಪಿನಲ್ಲಿ ಅಂಕ ಬಹಳ ಏರಿದ್ದರೆ ನಿಮಗೆ ಭಾಷೆ ಬರುತ್ತದೆ, ಸಮಯ ಸಾಲುತ್ತಿಲ್ಲ. ಎರಡರಲ್ಲೂ ಕಡಿಮೆಯಿದ್ದು, "ಅಂದಾಜು" ಎಂದು ಬರೆದವೇ ತಪ್ಪಾಗಿದ್ದರೆ ವಾಕ್ಯವೇ ತಿಳಿಯುತ್ತಿಲ್ಲ. "ಖಾತ್ರಿ" ಎಂದು ಬರೆದವು ತಪ್ಪಾಗಿದ್ದರೆ ಅದು ಮೂರನೆಯ ಕಾಯಿಲೆ: ಪ್ಯಾಸೇಜಿನಲ್ಲಿ ಇಲ್ಲದ್ದನ್ನು ನೀವು ಓದುತ್ತಿದ್ದೀರಿ. ನಮ್ಮ ಕಡೆಯ ಜಾಣ ಮಕ್ಕಳಲ್ಲಿ ಇದೇ ಹೆಚ್ಚು. ಯಾವ ಕೋಚಿಂಗ್ ಜಾಹೀರಾತಿನಲ್ಲೂ ಇದರ ಹೆಸರಿಲ್ಲ.

ಪರೀಕ್ಷೆಗಳು ಒಂದೇ ತರಹ ಅಲ್ಲ

ಸಿಯುಇಟಿ ಯುಜಿ ಇಂಗ್ಲಿಷ್ ಪತ್ರಿಕೆಯಲ್ಲಿ 2025ರಿಂದ 50 ಪ್ರಶ್ನೆ, 60 ನಿಮಿಷ, ಎಲ್ಲವೂ ಕಡ್ಡಾಯ. ಸರಿಗೆ 5 ಅಂಕ, ತಪ್ಪಿಗೆ 1 ಕಡಿತ. ಪ್ಯಾಸೇಜುಗಳು ಚಿಕ್ಕವು, ಪಠ್ಯಕ್ರಮದ ಪ್ರಕಾರ ಹೆಚ್ಚೆಂದರೆ 300ರಿಂದ 350 ಪದ. ಮಾಹಿತಿಯದೊಂದು, ಕಥನದ್ದೊಂದು, ಸಾಹಿತ್ಯದ್ದೊಂದು ಎಂದು ಮೂರು ಬಗೆ. ಉಳಿದದ್ದು ಪದ, ಸಮಾನಾರ್ಥಕ, ವಾಕ್ಯದ ತುಂಡು ಜೋಡಿಸುವುದು ಇತ್ಯಾದಿ. ಲೆಕ್ಕ ಹಾಕಿದರೆ ಪ್ರಶ್ನೆಗೆ 72 ಸೆಕೆಂಡ್, ಪ್ಯಾಸೇಜ್ ಓದುವ ಹೊತ್ತೂ ಅದರೊಳಗೇ.

ಐಇಎಲ್‌ಟಿಎಸ್ ಅಕಾಡೆಮಿಕ್ ರೀಡಿಂಗ್ ಬೇರೆಯದೇ ಪ್ರಾಣಿ. 60 ನಿಮಿಷ, 40 ಪ್ರಶ್ನೆ, ಮೂರು ಉದ್ದನೆಯ ಪ್ಯಾಸೇಜ್; ಮೂರೂ ಸೇರಿ 2,150ರಿಂದ 2,750 ಪದ. ತಪ್ಪಿಗೆ ಅಂಕ ಕಡಿತವಿಲ್ಲ. ಅರ್ಧದಷ್ಟು ಪ್ರಶ್ನೆಗಳಿಗೆ ಆಯ್ಕೆಯೇ ಇಲ್ಲದೆ ನೀವೇ ಪದ ಬರೆಯಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಅಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಉತ್ತರ ತಪ್ಪು, "ಎರಡು ಪದ ಮೀರಬಾರದು" ಎಂದಿದ್ದಲ್ಲಿ ಮೂರು ಬರೆದರೂ ತಪ್ಪು. ಸರಾಸರಿಯಲ್ಲಿ 40ಕ್ಕೆ 23 ಸರಿಯಾದರೆ ಬ್ಯಾಂಡ್ (ಫಲಿತಾಂಶದ ಮಟ್ಟ) 6, 30 ಸರಿಯಾದರೆ ಬ್ಯಾಂಡ್ 7. ಒಂದು ಪ್ಯಾಸೇಜಿಗೆ 20 ನಿಮಿಷ ಎಂದುಕೊಳ್ಳಿ. 900 ಪದದ ಪ್ಯಾಸೇಜನ್ನು ನಿಮಿಷಕ್ಕೆ 150 ಪದದಂತೆ ಓದುವವರಿಗೆ ಓದುವುದಕ್ಕೇ 6 ನಿಮಿಷ ಹೋಗುತ್ತದೆ, 13 ಪ್ರಶ್ನೆಗೆ 14 ನಿಮಿಷ ಉಳಿಯುತ್ತದೆ. ನಿಮಿಷಕ್ಕೆ 80 ಪದ ಓದುವವರಿಗೆ 11 ನಿಮಿಷ ಓದಿಗೇ ಮುಗಿಯುತ್ತದೆ. ಇಂಥವರಿಗೆ ಹುಡುಕುವ ಟ್ರಿಕ್ ಕಲಿಸಿ ಪ್ರಯೋಜನವಿಲ್ಲ, ಮೊದಲು ಓದಿನ ವೇಗ ಬರಬೇಕು.

ಹಾಗಾಗಿ ಐಇಎಲ್‌ಟಿಎಸ್ ಪುಸ್ತಕ ಇಟ್ಟುಕೊಂಡು ಸಿಯುಇಟಿಗೆ ತಯಾರಾಗುವುದು, ಬ್ಯಾಂಕ್ ಪರೀಕ್ಷೆಯ ಗೈಡ್ ಇಟ್ಟುಕೊಂಡು ಐಇಎಲ್‌ಟಿಎಸ್‌ಗೆ ಕೂರುವುದು, ಎರಡೂ ದಂಡ.

ಪೇಪರ್ ಓದು: ಯಾರಿಗೆ, ಹೇಗೆ

ವಾಕ್ಯವೇ ತಿಳಿಯದವರಿಗೆ ಪತ್ರಿಕೆಯಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ. ಆದರೆ ಹೆಚ್ಚಿನವರು ಓದುವ ಕ್ರಮ ಹೀಗೆ: ಸಂಪಾದಕೀಯ ತೆರೆದು, ಗೊತ್ತಿಲ್ಲದ ಪದಗಳಿಗೆಲ್ಲ ಗೆರೆ ಎಳೆದು, ನೋಟ್‌ಬುಕ್ಕಿನಲ್ಲಿ ಅರ್ಥ ಬರೆದು ಮುಚ್ಚಿಡುವುದು. ತಿಂಗಳಾದ ಮೇಲೆ ನೋಟ್‌ಬುಕ್ ತುಂಬಿರುತ್ತದೆ, ಪ್ಯಾಸೇಜ್ ಮಾತ್ರ ಅಷ್ಟೇ ಕಷ್ಟ. ಪದ ಸಂಗ್ರಹ ಒಂದು ಕೆಲಸ, ಓದು ಇನ್ನೊಂದು ಕೆಲಸ.

ಕನ್ನಡ ಮಾಧ್ಯಮದಿಂದ ಬಂದವರು ಎಲ್ಲಿ ಎಡವುತ್ತಾರೆ ಎಂದು ಹತ್ತಿರದಿಂದ ನೋಡೋಣ. "ತಡವಾಗಿ ಬಂದ ಮಳೆಯ ನಂತರ ತೊಗರಿ ಬಿತ್ತಿದ ರೈತರು ಬೆಳೆ ಕಳೆದುಕೊಂಡರು." ಇದರಲ್ಲಿ ಎಂಥ ರೈತರು ಎಂಬುದೆಲ್ಲ ಮೊದಲು ಬಂದು, ರೈತರು ಆಮೇಲೆ ಬರುತ್ತಾರೆ. ಕ್ರಿಯೆ ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಇದೇ ಸಂಗತಿ "ದಿ ಫಾರ್ಮರ್ಸ್ ಹೂ ಹ್ಯಾಡ್ ಸೋನ್ ರೆಡ್ ಗ್ರಾಮ್ ಆಫ್ಟರ್ ದಿ ಲೇಟ್ ರೇನ್ಸ್ ಲಾಸ್ಟ್ ದೇರ್ ಕ್ರಾಪ್" ಎಂದು ಬರುತ್ತದೆ. ಫಾರ್ಮರ್ಸ್ ಮೊದಲು ಬಂದು, ಎಂಥವರು ಎಂಬ ಬಾಲ ಅವರ ಹಿಂದೆ ಅಂಟಿಕೊಂಡು, ಅವರು ಏನು ಮಾಡಿದರು ಎಂಬ "ಲಾಸ್ಟ್" ಅಷ್ಟು ದೂರ ಹೋಗಿ ನಿಂತಿದೆ. ನಮ್ಮ ವಿದ್ಯಾರ್ಥಿ "ರೇನ್ಸ್ ಲಾಸ್ಟ್" ಎಂಬ ಅಕ್ಕಪಕ್ಕದ ಎರಡು ಪದ ಹಿಡಿದು "ಮಳೆ ಹೋಯಿತು" ಎಂದು ಓದಿಕೊಂಡು ಮುಂದೆ ಸಾಗುತ್ತಾನೆ. ಇದರಲ್ಲಿ ಒಂದು ಪದವೂ ಅವನಿಗೆ ಗೊತ್ತಿಲ್ಲದ್ದಲ್ಲ. ಡಿಕ್ಷನರಿ ಏನು ಮಾಡೀತು? ಉದ್ದ ವಾಕ್ಯ ಬಂದಾಗ ಯಾರು, ಏನು ಮಾಡಿದರು ಎಂಬ ಎರಡನ್ನು ಮಾತ್ರ ಮೊದಲು ಹಿಡಿದು ಅಡಿಗೆರೆ ಹಾಕುವ ರೂಢಿ ಮಾಡಿಕೊಂಡರೆ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನೊಂದು ದಾರಿ, ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಜೋಡಿ ಓದು. ಎರಡೂ ಒಂದೇ ಸಂಸ್ಥೆಯ ಪತ್ರಿಕೆಗಳು, ರಾಜ್ಯದ ಅದೇ ಸುದ್ದಿ ಎರಡರಲ್ಲೂ ಇರುತ್ತದೆ. ಮೊದಲು ಕನ್ನಡದಲ್ಲಿ ಓದಿ, ವಿಷಯ ತಲೆಯಲ್ಲಿ ಕೂತ ಮೇಲೆ ಇಂಗ್ಲಿಷ್ ಸುದ್ದಿ ಓದಿ. ವಿಷಯ ಗೊತ್ತಿರುವುದರಿಂದ ಪದ ತಡೆದರೂ ಓದು ನಿಲ್ಲುವುದಿಲ್ಲ. ಹೀಗೆ ಆರಂಭಿಸಿ, ನಿಧಾನಕ್ಕೆ ಕ್ರಮ ತಿರುಗಿಸಿ: ಮೊದಲು ಇಂಗ್ಲಿಷ್, ಆಮೇಲೆ ಕನ್ನಡ, ಎಲ್ಲಿ ತಪ್ಪು ತಿಳಿದಿದ್ದೆ ಎಂದು ನೋಡಲು. ಗ್ರಂಥಾಲಯದಲ್ಲಿ ಎರಡೂ ಸಿಗುವುದರಿಂದ ಖರ್ಚೂ ಇಲ್ಲ. ಸಂಪಾದಕೀಯಕ್ಕೆ ಹೋದಾಗ ಪ್ರತಿ ಪ್ಯಾರಾದ ಪಕ್ಕ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಪ್ಯಾರಾ ಏನು ಹೇಳಿತು ಅಂತಲ್ಲ, ಏನು ಮಾಡಿತು ಅಂತ: "ಸಮಸ್ಯೆ ಹೇಳಿದ", "ಸರ್ಕಾರದ ವಾದ ಕೊಟ್ಟ", "ಅದನ್ನು ಒಪ್ಪಲಿಲ್ಲ". ಲೇಖಕನ ನಿಲುವೇನು, ಧಾಟಿ ಯಾವುದು ಎಂಬ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಪತ್ರಿಕೆಯ ಮಿತಿಯೂ ಇದೆ. ಪ್ರಶ್ನೆ ಇರುವುದಿಲ್ಲ, ಗಡಿಯಾರ ಇರುವುದಿಲ್ಲ, ಕಥೆಯ ತುಣುಕು ಇರುವುದೇ ಇಲ್ಲ ಎನ್ನಬಹುದು. ಸಿಯುಇಟಿಯ ಸಾಹಿತ್ಯದ ಪ್ಯಾಸೇಜಿಗೆ ಬೇರೆ ಓದು ಬೇಕು. ಪಿಯು ಇಂಗ್ಲಿಷ್ ಪಠ್ಯದ ಕಥೆಗಳನ್ನೇ ಪ್ರಶ್ನೋತ್ತರ ಬಿಟ್ಟು ಸುಮ್ಮನೆ ಓದಿದರೂ ಆದೀತು. ಸಮಯ ಸಾಲದವರು, ಇಲ್ಲದ್ದನ್ನು ಓದುವವರು ಪತ್ರಿಕೆಯನ್ನೇ ನಂಬಿ ಕೂತರೆ ಪರೀಕ್ಷೆಯ ದಿನ ಅದೇ ಜಾಗದಲ್ಲಿ ನಿಂತಿರುತ್ತಾರೆ.

ಹಳೇ ಪ್ರಶ್ನೆಪತ್ರಿಕೆ, ಗೈಡು, ಮೊಬೈಲು

ಸಮಯದ ಕಾಯಿಲೆಗೆ ಅಸಲಿ ಪ್ರಶ್ನೆಪತ್ರಿಕೆಯೇ ಮದ್ದು. ಸಿಯುಇಟಿ ನಡೆಸುವ ಸಂಸ್ಥೆಯಾದ ಎನ್‌ಟಿಎ ಜಾಲತಾಣದಲ್ಲಿ ಸಿಯುಇಟಿಯ ಹಿಂದಿನ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರ: 2022ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 50ರಲ್ಲಿ 40 ಉತ್ತರಿಸಿದರೆ ಸಾಕಿತ್ತು, ಸಮಯ 45 ನಿಮಿಷ. ಅವನ್ನು ಹಳೆಯ ನಿಯಮದಂತೆ ಬಿಡಿಸಿದರೆ ಕಷ್ಟದ ಹತ್ತನ್ನು ಬಿಟ್ಟುಬಿಡುವ ಚಾಳಿ ಬೀಳುತ್ತದೆ. ಈಗಿನ ನಿಯಮದಂತೆ ಐವತ್ತನ್ನೂ 60 ನಿಮಿಷದಲ್ಲಿ ಬಿಡಿಸಿ. ಐಇಎಲ್‌ಟಿಎಸ್‌ನವರಿಗೆ ಅಧಿಕೃತ ಮಾದರಿ ಪ್ರಶ್ನೆಗಳು ಆನ್‌ಲೈನ್‌ನಲ್ಲಿ ಉಚಿತ. ಕೇಂಬ್ರಿಡ್ಜ್ ಪ್ರಕಟಿಸುವ ಅಭ್ಯಾಸ ಸಂಪುಟಗಳಲ್ಲಿ ಒಂದೊಂದರಲ್ಲೂ ನಾಲ್ಕು ಪೂರ್ಣ ಪರೀಕ್ಷೆ ಇರುತ್ತವೆ.

ಅಸಲಿ ಪತ್ರಿಕೆಗಳ ರಾಶಿ ದೊಡ್ಡದಲ್ಲ, ಅದಕ್ಕೇ ಅವನ್ನು ಹುರಿಗಡಲೆಯಂತೆ ಮುಕ್ಕಬಾರದು. ದಿನಕ್ಕೊಂದು ಬಿಡಿಸಿ ಅಂಕ ಎಣಿಸಿ ಮುಂದಿನದಕ್ಕೆ ಹಾರುವವರು ಬಹಳ. ಒಂದು ಪತ್ರಿಕೆ ಬಿಡಿಸಲು ಒಂದು ಗಂಟೆ ಹಿಡಿದರೆ ತಪ್ಪಾದವನ್ನು ಕೆದಕಲು ಎರಡು ಗಂಟೆ ಹಿಡಿಯಬೇಕು: ಸರಿ ಉತ್ತರ ಯಾವ ಸಾಲಿನಲ್ಲಿದೆ, ನಾನು ಆರಿಸಿದ್ದು ಯಾವ ಪದದ ಆಸೆಗೆ, ಅದು ಯಾಕೆ ತಪ್ಪು.

ಗೈಡುಗಳ ವಿಷಯದಲ್ಲಿ ನನಗೆ ಪೂರ್ವಗ್ರಹ ಇದೆ, ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ನಿಂತೇ ಒಂದು ಪ್ಯಾಸೇಜಿನ ಪ್ರಶ್ನೆಗಳನ್ನು ಪ್ಯಾಸೇಜ್ ಓದದೆ ಉತ್ತರಿಸಿ ನೋಡಿ. ಮುಕ್ಕಾಲು ಪಾಲು ಸರಿಯಾದರೆ ಆ ಪುಸ್ತಕ ಓದನ್ನು ಪರೀಕ್ಷಿಸುತ್ತಿಲ್ಲ, ಸಾಮಾನ್ಯಜ್ಞಾನವನ್ನು ಪರೀಕ್ಷಿಸುತ್ತಿದೆ. ಆಮೇಲೆ ಹಿಂದಿನ ಪುಟಗಳಲ್ಲಿ ಕೀ ನೋಡಿ. "1-ಬಿ, 2-ಎ" ಎಂದಷ್ಟೇ ಇದ್ದರೆ ವಾಪಸ್ ಇಡಿ. ಬಿ ಯಾಕೆ ಸರಿ, ಸಿ ಯಾಕೆ ತಪ್ಪು ಎಂದು ಬರೆದಿರುವ ಪುಸ್ತಕ ಸಿಕ್ಕರೆ ದುಡ್ಡು ಕೊಡಲು ಅಡ್ಡಿಯಿಲ್ಲ. ಎಐ ಚಾಟ್‌ಗಳಿಂದ ಪ್ಯಾಸೇಜ್ ಬರೆಸಿಕೊಳ್ಳುವವರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ಅವು ಬರೆಯುವ ತಪ್ಪು ಆಯ್ಕೆಗಳು ತಪ್ಪೆಂದು ದೂರದಿಂದಲೇ ಕಾಣುತ್ತವೆ. ಕಷ್ಟದ ವಾಕ್ಯವೊಂದನ್ನು ಬಿಡಿಸಿ ಹೇಳಿಸಿಕೊಳ್ಳಲು ಮಾತ್ರ ಅವು ಒಳ್ಳೆಯ ಜತೆ.

ಯೂಟ್ಯೂಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವುದನ್ನು ನೋಡುತ್ತ ಕೂತರೆ ಓದು ಬರುವುದಿಲ್ಲ. ಪ್ರಶ್ನೆಯ ಬಗೆಗಳನ್ನು ಪರಿಚಯ ಮಾಡಿಕೊಳ್ಳಲು ಒಂದೆರಡು ವಿಡಿಯೊ ಸಾಕು. ಆದರೆ ಪರದೆಯ ಮೇಲೆ ಓದುವ ಅಭ್ಯಾಸ ಖಂಡಿತ ಬೇಕು. ಸಿಯುಇಟಿ ಈಗ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯಲಾಗದು. ಐಇಎಲ್‌ಟಿಎಸ್ ಕಂಪ್ಯೂಟರ್ ಪರೀಕ್ಷೆಯಲ್ಲಿ ಸಾಲುಗಳಿಗೆ ಬಣ್ಣ ಹಚ್ಚುವ ಸೌಲಭ್ಯವಿದೆ. ಮೊಬೈಲಿನ ಸಣ್ಣ ಪರದೆ ಇದಕ್ಕೆ ಬದಲಿಯಲ್ಲ. ಕಾಲೇಜಿನ ಲ್ಯಾಬಿನಲ್ಲೋ ಸೈಬರ್ ಅಂಗಡಿಯಲ್ಲೋ ನಾಲ್ಕಾರು ಸಲ ಕೂತು ಬಿಡಿಸಿದರೆ ಸಾಕು.

ಕೋಚಿಂಗ್ ಸೇರಬೇಕೆ?

ಅಪ್ಪ ಫೀಸು ಕಟ್ಟಿದ್ದಾರೆ ಎಂಬ ಹೆದರಿಕೆಯಿಂದಲೇ ಓದುವ ಮಕ್ಕಳಿದ್ದಾರೆ. ಅಂಥವರಿಗೆ ಕೋಚಿಂಗ್ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯಲಾರೆ. ವಾರದ ಟೆಸ್ಟ್, ಹಾಜರಿ, ಜತೆಯವರ ಪೈಪೋಟಿ ಇವೆಲ್ಲ ಮನೆಯಲ್ಲಿ ಸಿಗುವುದಿಲ್ಲ. ಆದರೆ ಬಹಳ ತರಗತಿಗಳಲ್ಲಿ ಆಗುವುದೇನು? ಸರ್ ಪ್ಯಾಸೇಜನ್ನು ಗಟ್ಟಿಯಾಗಿ ಓದಿ, ಸಾಲುಸಾಲಾಗಿ ಕನ್ನಡದಲ್ಲೋ ಹಿಂದಿಯಲ್ಲೋ ಅರ್ಥ ಹೇಳಿ, ಉತ್ತರ ಹೇಳುತ್ತಾರೆ. ಕೇಳಿದವರಿಗೆಲ್ಲ ತಿಳಿದಂತಾಗುತ್ತದೆ. ಓದಿದ್ದು ಸರ್ ಒಬ್ಬರೇ.

ಡೆಮೊ ಕ್ಲಾಸಿಗೆ ಹೋದಾಗ ಒಂದನ್ನು ಗಮನಿಸಿ: ಒಂದು ಗಂಟೆಯಲ್ಲಿ ತರಗತಿ ಮೌನವಾಗಿ ಓದಿದ್ದು ಎಷ್ಟು ನಿಮಿಷ? ಹತ್ತೂ ಇಲ್ಲದಿದ್ದರೆ ಅದು ರೀಡಿಂಗ್ ಕ್ಲಾಸ್ ಅಲ್ಲ. ಕೈ ಎತ್ತಿ "ಸಿ ಯಾಕ ತಪ್ಪ್ರಿ ಸರ್?" ಎಂದು ಕೇಳಿ. ಪ್ಯಾಸೇಜಿನ ಸಾಲಿಗೆ ಬೆರಳಿಟ್ಟು ತೋರಿಸುವವರ ಹತ್ತಿರ ಕಲಿಯಬಹುದು. "ಬಿ ಬೆಸ್ಟ್ ಆನ್ಸರ್ ಅದ, ಅದಕ್ಕ" ಎನ್ನುವವರ ಹತ್ತಿರ ಫೀಸು ಮಾತ್ರ ಹೋಗುತ್ತದೆ. ಯಾದಗಿರಿಯಿಂದಲೋ ಚಿತ್ತಾಪುರದಿಂದಲೋ ದಿನಾ ಓಡಾಡಿ ಕ್ಲಾಸಿಗೆ ಬರುವವರು ಹೋಗಿ ಬರುವ ಹೊತ್ತನ್ನೂ ಫೀಸಿನ ಜತೆ ಲೆಕ್ಕ ಹಾಕಬೇಕು. ರೈಲಿನಲ್ಲಿ ಕೂರಲು ಜಾಗ ಸಿಕ್ಕಿ ಓದಿದರೆ ಸರಿ, ಬಾಗಿಲಲ್ಲಿ ಜೋತಾಡಿಕೊಂಡು ಬಂದು ತರಗತಿಯಲ್ಲಿ ತೂಕಡಿಸುವುದಾದರೆ ಆ ಎರಡು ಗಂಟೆ ಊರಿನಲ್ಲೇ ಓದಿದರೆ ಮೇಲು.

ಮೂರು ಗೆಳೆಯರು, ಒಂದು ಪ್ಯಾಸೇಜ್

ಇಲ್ಲದ್ದನ್ನು ಓದುವ ಕಾಯಿಲೆಗೆ ನಾನು ಕಂಡ ಒಳ್ಳೆಯ ಮದ್ದು ಜಗಳ. ಇಬ್ಬರು ಮೂವರು ಒಂದೇ ಪ್ಯಾಸೇಜನ್ನು ಬೇರೆ ಬೇರೆಯಾಗಿ ಬಿಡಿಸಿ, ಉತ್ತರ ಹೊಂದದ ಕಡೆ ವಾದ ಮಾಡಬೇಕು. ನಿಯಮ ಒಂದೇ: ಸಾಲು ತೋರಿಸದೆ ಬಾಯಿ ತೆರೆಯುವ ಹಾಗಿಲ್ಲ.

ಐಇಎಲ್‌ಟಿಎಸ್‌ನ ಟ್ರೂ, ಫಾಲ್ಸ್, ನಾಟ್ ಗಿವನ್ (ಪ್ಯಾಸೇಜಿನ ಪ್ರಕಾರ ಸರಿ, ತಪ್ಪು, ಅಥವಾ ಪ್ಯಾಸೇಜ್ ಹೇಳಿಯೇ ಇಲ್ಲ) ಪ್ರಶ್ನೆಗಳಲ್ಲಿ ಈ ಜಗಳ ಚೆನ್ನಾಗಿ ಕಾವೇರುತ್ತದೆ. ಒಂದು ಉದಾಹರಣೆ ಮಾಡಿ ನೋಡೋಣ. ಪ್ಯಾಸೇಜಿನಲ್ಲಿ ಹೀಗಿದೆ ಎನ್ನಿ: ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಮೇಲೆ ಚಿತ್ತಾರ ಕೊರೆದು ಬೆಳ್ಳಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಹಳೆಯ ಭಾಗದಿಂದ ತಂದ ಮಣ್ಣನ್ನು ನವಸಾಗರದ ಜತೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚುತ್ತಾರೆ; ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಈಗ ಮೂರು ಹೇಳಿಕೆ. ಬೆಳ್ಳಿ ಕೂರಿಸಿದ ಮೇಲೆ ಪಾತ್ರೆಯನ್ನು ಕಪ್ಪು ಮಾಡುತ್ತಾರೆ: ಟ್ರೂ. ಮಣ್ಣಿನ ದ್ರಾವಣದಲ್ಲಿ ಬೆಳ್ಳಿಯೂ ಕಪ್ಪಾಗುತ್ತದೆ: ಪ್ಯಾಸೇಜ್ ತದ್ವಿರುದ್ಧ ಹೇಳಿದೆ, ಫಾಲ್ಸ್. ಬೇರೆ ಊರಿನ ಮಣ್ಣಿನಿಂದ ಈ ಕಪ್ಪು ಬರುವುದಿಲ್ಲ: ಇದಕ್ಕೇನು?

ಬೀದರಿನ ವಿದ್ಯಾರ್ಥಿನಿ ಒಬ್ಬಳು ಹಿಂದುಮುಂದು ನೋಡದೆ ಟ್ರೂ ಎಂದಳು. "ಸರ್, ಇದು ಖರೇನೇ ಅದ್ರಿ. ನಮ್ಮ ಓಣ್ಯಾಗ ಎಲ್ಲರಿಗೂ ಗೊತ್ತದ." ಪಕ್ಕದವನು ಕೇಳಿದ: "ಗೊತ್ತದ, ಆಯ್ತಕ್ಕ. ಯಾವ ಲೈನಿನಾಗ ಅದ, ತೋರಿಸು." ಆಕೆ ಪ್ಯಾಸೇಜನ್ನು ಮತ್ತೆ ಓದಿದಳು, ಮತ್ತೊಮ್ಮೆ ಓದಿದಳು. ಕೋಟೆಯ ಮಣ್ಣು ಬಳಸುತ್ತಾರೆ ಎಂದಿದೆ. ಬೇರೆ ಮಣ್ಣಿನ ಸುದ್ದಿಯೇ ಇಲ್ಲ. ನಾಟ್ ಗಿವನ್. ಬೀದರ ಎಲ್ಲಿದೆ ಎಂದೇ ತಿಳಿಯದ ದೂರದೇಶದ ಹುಡುಗ ಇದನ್ನು ಸುಲಭವಾಗಿ ಸರಿ ಮಾಡುತ್ತಾನೆ, ಏಕೆಂದರೆ ಅವನ ಬಳಿ ಪ್ಯಾಸೇಜ್ ಬಿಟ್ಟು ಬೇರೆ ಆಧಾರವಿಲ್ಲ.

ಸಿಯುಇಟಿಯಲ್ಲಿ ಈ ಬಗೆಯ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಪ್ಯಾಸೇಜಿನಲ್ಲಿ "ಸಮ್" ಇದ್ದದ್ದು ಆಯ್ಕೆಯಲ್ಲಿ "ಆಲ್" ಆಗಿರುತ್ತದೆ, "ಮೇ" ಇದ್ದದ್ದು "ವಿಲ್" ಆಗಿರುತ್ತದೆ, ಎಲ್ಲೂ ಇರದ "ಓನ್ಲಿ" ಒಂದು ನುಸುಳಿರುತ್ತದೆ. ಉಳಿದ ಪದಗಳೆಲ್ಲ ಪ್ಯಾಸೇಜಿನವೇ ಆದ್ದರಿಂದ ಕಣ್ಣು ಮೋಸ ಹೋಗುತ್ತದೆ. ಗುಂಪಿನಲ್ಲಿ ಒಬ್ಬರಾದರೂ ಇದನ್ನು ಹಿಡಿಯುತ್ತಾರೆ. ಒಬ್ಬರೇ ಕೂತು ಬಿಡಿಸುವವರು ತಿಂಗಳುಗಟ್ಟಲೆ ಅದೇ ತಪ್ಪು ಮಾಡುತ್ತ ಹೋಗಬಹುದು. ಗುಂಪಿನ ದೊಡ್ಡ ಅಪಾಯ ಚಹಾ. ಪ್ಯಾಸೇಜ್ ಹತ್ತು ನಿಮಿಷ, ಹರಟೆ ಎರಡು ಗಂಟೆ ಆಗದಂತೆ ನೋಡಿಕೊಳ್ಳುವ ಒಬ್ಬ ಜೋರಿನ ಮನುಷ್ಯ ಬೇಕು.

ಹಾಗಾದರೆ ನೀವು ಯಾವುದನ್ನು ಆರಿಸಬೇಕು

ಪಿಯು ಮೊದಲ ವರ್ಷದಲ್ಲಿದ್ದು, ಕನ್ನಡ ಮಾಧ್ಯಮದಿಂದ ಬಂದಿದ್ದು, ಕೈಯಲ್ಲಿ ಒಂದು ವರ್ಷ ಇದ್ದರೆ: ಜೋಡಿ ಪತ್ರಿಕೆ ಓದು ಮತ್ತು ಕಥೆ. ಕೊನೆಯ ನಾಲ್ಕು ತಿಂಗಳವರೆಗೆ ಪ್ರಶ್ನೆಪತ್ರಿಕೆ ಮುಟ್ಟಬೇಡಿ, ಕಾಯಿಲೆ ಪತ್ತೆಗೆ ಬಿಡಿಸಿದ ಒಂದನ್ನು ಬಿಟ್ಟು. ಕೋಚಿಂಗ್ ಬೇಕಿಲ್ಲ.

ಸಿಯುಇಟಿಗೆ ಎರಡೇ ತಿಂಗಳು ಉಳಿದಿದ್ದರೆ ದಿನಪತ್ರಿಕೆ ಬದಿಗಿಡಿ. ವಾರಕ್ಕೆ ಎರಡು ಅಸಲಿ ಪ್ರಶ್ನೆಪತ್ರಿಕೆ, ಉಳಿದ ದಿನ ತಪ್ಪುಗಳ ಕೆದಕಾಟ, ವಾರಕ್ಕೊಮ್ಮೆ ಗೆಳೆಯರ ಜಗಳ. ಈ ಹಂತದಲ್ಲಿ ಭಾಷೆ ದೊಡ್ಡದಾಗಿ ಬೆಳೆಯುವುದಿಲ್ಲ, ಕೈಯಲ್ಲಿರುವ ಭಾಷೆಯಿಂದ ಸಿಗಬೇಕಾದ ಅಂಕ ಸಿಗುವಂತೆ ಮಾಡಬಹುದು.

ಐಇಎಲ್‌ಟಿಎಸ್‌ನವರಲ್ಲಿ ರೀಡಿಂಗ್ ಒಂದಕ್ಕೇ ಕೋಚಿಂಗ್ ಸೇರುವುದನ್ನು ನಾನು ಒಪ್ಪುವುದಿಲ್ಲ. ಸ್ಪೀಕಿಂಗ್, ರೈಟಿಂಗ್‌ಗೆ ತಿದ್ದುವ ಇನ್ನೊಬ್ಬರು ಬೇಕು, ಅಲ್ಲಿ ದುಡ್ಡು ಹಾಕಿ. ರೀಡಿಂಗ್‌ಗೆ ಎರಡು ಅಧಿಕೃತ ಸಂಪುಟ, ಒಂದು ಗಡಿಯಾರ, ಜಗಳಕ್ಕೆ ಒಬ್ಬ ಗೆಳೆಯ ಇದ್ದರಾಯಿತು.

ಗೊತ್ತಿಲ್ಲದ ಪ್ರಶ್ನೆ ಬಿಡಬೇಕೋ ಹಾಕಬೇಕೋ ಎಂಬ ತಕರಾರೂ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಐಇಎಲ್‌ಟಿಎಸ್‌ನಲ್ಲಿ ಖಾಲಿ ಬಿಡುವುದು ದಡ್ಡತನ. ಸಿಯುಇಟಿಯಲ್ಲಿ ಕಡಿತವಿದೆ ಎಂದು ಹೆದರಿ ಬಿಡುವವರು ಬಹಳ, ಆದರೆ ಲೆಕ್ಕ ನೋಡಿ: ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು; 5ರಲ್ಲಿ 3 ಹೋಗಿ 2 ಅಂಕ ಉಳಿಯುತ್ತದೆ. ಎರಡು ಆಯ್ಕೆ ತಪ್ಪೆಂದು ಖಾತ್ರಿಯಾದರೆ ಲಾಭ ಇನ್ನೂ ಜಾಸ್ತಿ. ಐಎಎಸ್ ಮುಂತಾದ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಪೂರ್ವಭಾವಿ ಪರೀಕ್ಷೆಯ ಸಿಸ್ಯಾಟ್ ಪತ್ರಿಕೆಯಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಹೋಗುವುದರಿಂದ ಅದೇ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಅಲ್ಲಿಯ ಸಲಹೆಯನ್ನು ಇಲ್ಲಿಗೆ ತರಬೇಡಿ. ಸಿಯುಇಟಿಯಲ್ಲಿ ಅನುಮಾನವಿದ್ದಲ್ಲಿ ಉತ್ತರ ಗುರುತಿಸಿಯೇ "ಸೇವ್ ಅಂಡ್ ಮಾರ್ಕ್ ಫಾರ್ ರಿವ್ಯೂ" ಒತ್ತಿ ಮುಂದೆ ಹೋಗಿ. ತಿರುಗಿ ಬರಲು ಹೊತ್ತು ಸಿಗದಿದ್ದರೂ ಗುರುತಿಸಿದ ಉತ್ತರ ಎಣಿಕೆಗೆ ಬರುತ್ತದೆ.